ಇರೇನ್ ವುಸ್ಟ್ ಅವರ 1500 ಮೀಟರ್: ಸ್ಪೀಡ್ ಸ್ಕೇಟಿಂಗ್ ಅಂಕಿಗಳನ್ನು ಓದುವ ಬಗೆ

ನೆದರ್ಲೆಂಡ್ಸ್‌ನ ಇರೇನ್ ವುಸ್ಟ್ 2006ರಿಂದ 2022ರವರೆಗೆ ಐದು ಚಳಿಗಾಲದ ಒಲಿಂಪಿಕ್ಸ್‌ಗಳಲ್ಲಿ ಸ್ಪರ್ಧಿಸಿ 13 ಪದಕ ಗೆದ್ದರು. ಅದರಲ್ಲಿ 6 ಚಿನ್ನ, 5 ಬೆಳ್ಳಿ, 2 ಕಂಚು. ಐದು ಬೇರೆ ಬೇರೆ ಒಲಿಂಪಿಕ್ಸ್‌ಗಳಲ್ಲಿ ವೈಯಕ್ತಿಕ ಚಿನ್ನ ಗೆದ್ದ ಮೊದಲ ಕ್ರೀಡಾಪಟು ಅವರೇ. ಬೇಸಿಗೆ ಕೂಟಗಳನ್ನು ಸೇರಿಸಿಕೊಂಡರೂ ಅವರಿಗಿಂತ ಮುಂಚೆ ಯಾರೂ ಇದನ್ನು ಮಾಡಿರಲಿಲ್ಲ.

ಇಷ್ಟು ವಿಷಯ ಎಲ್ಲಿ ಬೇಕಾದರೂ ಸಿಗುತ್ತದೆ. ಆದರೆ ಲಾಂಗ್ ಟ್ರ್ಯಾಕ್ ಸ್ಪೀಡ್ ಸ್ಕೇಟಿಂಗ್‌ನಲ್ಲಿ, ಅಂದರೆ 400 ಮೀಟರ್ ಸುತ್ತಿನ ಮಂಜುಗಡ್ಡೆಯ ಟ್ರ್ಯಾಕಿನ ಓಟದಲ್ಲಿ, ಪದಕದ ಬಣ್ಣ ಅರ್ಧ ಕಥೆಯನ್ನಷ್ಟೇ ಹೇಳುತ್ತದೆ. ಇಲ್ಲಿ ಇಬ್ಬಿಬ್ಬರಾಗಿ ಓಡಿದರೂ ಪೈಪೋಟಿ ಇರುವುದು ಗಡಿಯಾರದ ಜೊತೆಗೆ. ಚಿನ್ನ ಗೆದ್ದವರು ಬೆಳ್ಳಿ ಗೆದ್ದವರ ಪಕ್ಕದಲ್ಲಿ ಓಡಿಯೇ ಇರದಿರಬಹುದು. ಹಾಗಾಗಿ ಈ ಆಟವನ್ನು ಅರ್ಥ ಮಾಡಿಕೊಳ್ಳಬೇಕಾದರೆ ಸಮಯದ ಅಂಕಿಗಳನ್ನು ಓದಲು ಬರಬೇಕು. ಒಂದು ನೋಟ್‌ಬುಕ್, ಫೋನಿನ ಕ್ಯಾಲ್ಕುಲೇಟರ್, ಒಂದೆರಡು ಹಳೆಯ ಓಟಗಳ ವಿಡಿಯೊ ಇದ್ದರೆ ಒಂದು ಸಂಜೆಯಲ್ಲಿ ಕಲಿಯಬಹುದು. ಅಭ್ಯಾಸಕ್ಕೆ ವುಸ್ಟ್ ಅವರಿಗಿಂತ ಒಳ್ಳೆಯ ಉದಾಹರಣೆ ಸಿಗುವುದು ಕಷ್ಟ, ಏಕೆಂದರೆ 1500 ಮೀಟರ್ ಓಟದಲ್ಲಿ ಅವರು ಐದೂ ಕೂಟಗಳಲ್ಲಿ ಪದಕ ತಂದಿದ್ದಾರೆ.

ಹಂತ 1: ಓಟಗಳ ಪಟ್ಟಿ ಬರೆದುಕೊಳ್ಳಿ

ಪುಟದ ಎಡಕ್ಕೆ ವರ್ಷ ಮತ್ತು ಊರು, ನಂತರ ದೂರ, ಸಮಯ, ಸ್ಥಾನ ಬರೆಯಿರಿ. ಬಲಗಡೆ ಎರಡು ಕಾಲಂ ಖಾಲಿ ಬಿಡಿ. ಅವುಗಳ ಕೆಲಸ ಮುಂದೆ ಇದೆ.

- 2006, ಟ್ಯೂರಿನ್: 3000 ಮೀ. 4:02.43 ಚಿನ್ನ, 1500 ಮೀ. 1:56.90 ಕಂಚು
- 2010, ವ್ಯಾಂಕೂವರ್: 1500 ಮೀ. 1:56.89 ಚಿನ್ನ
- 2014, ಸೋಚಿ: 3000 ಮೀ. 4:00.34 ಚಿನ್ನ, 1000 ಮೀ. 1:14.69 ಬೆಳ್ಳಿ, 1500 ಮೀ. 1:54.09 ಬೆಳ್ಳಿ, 5000 ಮೀ. 6:54.28 ಬೆಳ್ಳಿ, ಟೀಮ್ ಪರ್ಸ್ಯೂಟ್ (ಮೂವರ ತಂಡದ ಓಟ) 2:58.05 ಚಿನ್ನ
- 2018, ಪ್ಯೊಂಗ್‌ಚಾಂಗ್: 1500 ಮೀ. 1:54.35 ಚಿನ್ನ, 3000 ಮೀ. 3:59.29 ಬೆಳ್ಳಿ, ಟೀಮ್ ಪರ್ಸ್ಯೂಟ್ ಬೆಳ್ಳಿ
- 2022, ಬೀಜಿಂಗ್: 1500 ಮೀ. 1:53.28 ಚಿನ್ನ, ಟೀಮ್ ಪರ್ಸ್ಯೂಟ್ ಕಂಚು

ಈಗ ಮೊದಲ ಎರಡು ಕೂಟಗಳ 1500 ಮೀಟರ್ ಸಮಯವನ್ನು ಮತ್ತೊಮ್ಮೆ ನೋಡಿ. 1:56.90ಕ್ಕೆ ಕಂಚು, ನಾಲ್ಕು ವರ್ಷದ ಮೇಲೆ 1:56.89ಕ್ಕೆ ಚಿನ್ನ. ಸಮಯದಲ್ಲಿರುವ ವ್ಯತ್ಯಾಸ ಸೆಕೆಂಡಿನ ನೂರನೇ ಒಂದು ಭಾಗ. ಸಮಯವನ್ನಷ್ಟೇ ನೋಡಿದರೆ ನಾಲ್ಕು ವರ್ಷದಲ್ಲಿ ವುಸ್ಟ್ ಒಂದಿಷ್ಟೂ ಬೆಳೆಯಲಿಲ್ಲ ಅನ್ನಬೇಕಾಗುತ್ತದೆ. ಪದಕವನ್ನಷ್ಟೇ ನೋಡಿದರೆ ಭಾರೀ ಜಿಗಿತ ಅನ್ನಬೇಕಾಗುತ್ತದೆ. ಎರಡೂ ತಪ್ಪು ಓದು. ಒಂದು ರಿಂಕಿನ, ಅಂದರೆ ಸ್ಕೇಟಿಂಗ್ ಅಂಗಳದ, ಮಂಜು, ಗಾಳಿ, ಎದುರಾಳಿಗಳು ಇನ್ನೊಂದು ರಿಂಕಿನ ಹಾಗಿರುವುದಿಲ್ಲ. ಆದ್ದರಿಂದ ಒಂದು ಕೂಟದ ಸಮಯವನ್ನು ಅದೇ ದಿನ ಅದೇ ಮಂಜಿನ ಮೇಲೆ ಓಡಿದವರ ಸಮಯದ ಪಕ್ಕದಲ್ಲಿಟ್ಟು ನೋಡಬೇಕು.

ಹಂತ 2: ಅಂತರದ ಕಾಲಂ ತುಂಬಿ

ಖಾಲಿ ಬಿಟ್ಟ ಮೊದಲ ಕಾಲಂನಲ್ಲಿ ಅಂತರ ಬರೆಯಿರಿ. ಗೆದ್ದಿದ್ದರೆ ಎರಡನೆಯವರಿಗಿಂತ ಎಷ್ಟು ಮುಂದೆ, ಸೋತಿದ್ದರೆ ಚಿನ್ನದವರಿಗಿಂತ ಎಷ್ಟು ಹಿಂದೆ. 1500 ಮೀಟರಿಗೆ ಬೇಕಾದ ಅಂಕಿಗಳು ಇವು:

ಟ್ಯೂರಿನ್‌ನಲ್ಲಿ ಚಿನ್ನ ಕೆನಡಾದ ಸಿಂಡಿ ಕ್ಲಾಸನ್ ಅವರದು, 1:55.27. ವುಸ್ಟ್ 1.63 ಸೆಕೆಂಡ್ ಹಿಂದೆ. ವ್ಯಾಂಕೂವರ್‌ನಲ್ಲಿ ಕ್ರಿಸ್ಟೀನಾ ಗ್ರೋವ್ಸ್ 1:57.14ರಲ್ಲಿ ಎರಡನೆಯವರು, ವುಸ್ಟ್ 0.25 ಮುಂದೆ. ಸೋಚಿಯಲ್ಲಿ ತಮ್ಮದೇ ದೇಶದ ಯೋರಿನ್ ತೆರ್ ಮೋರ್ಸ್ 1:53.51ರಲ್ಲಿ ಗೆದ್ದರು, ವುಸ್ಟ್ 0.58 ಹಿಂದೆ. (ತೆರ್ ಮೋರ್ಸ್ ಅದೇ ಕೂಟದಲ್ಲಿ ಶಾರ್ಟ್ ಟ್ರ್ಯಾಕ್‌ನಲ್ಲೂ, ಅಂದರೆ ಚಿಕ್ಕ ಸುತ್ತಿನಲ್ಲಿ ಗುಂಪಾಗಿ ಓಡುವ ಆಟದಲ್ಲೂ, ಸ್ಪರ್ಧಿಸಿದವರು. ಎರಡೂ ಆಟಗಳನ್ನು ಆ ಮಟ್ಟದಲ್ಲಿ ಆಡುವುದು ಬಹಳ ಅಪರೂಪ.) ಪ್ಯೊಂಗ್‌ಚಾಂಗ್‌ನಲ್ಲಿ ಜಪಾನಿನ ಮಿಹೋ ತಕಾಗಿ 1:54.55, ವುಸ್ಟ್ 0.20 ಮುಂದೆ. ಬೀಜಿಂಗ್‌ನಲ್ಲಿ ಮತ್ತೆ ತಕಾಗಿ, 1:53.72, ವುಸ್ಟ್ 0.44 ಮುಂದೆ.

ಸೆಕೆಂಡಿನ ಭಾಗಗಳು ಕಣ್ಣಿಗೆ ಕಟ್ಟುವುದಿಲ್ಲ. ಎರಡನೇ ಕಾಲಂನಲ್ಲಿ ಅವನ್ನು ಮೀಟರಿಗೆ ತನ್ನಿ. ಲೆಕ್ಕ ಸುಲಭ: ದೂರವನ್ನು ವುಸ್ಟ್ ಅವರ ಸಮಯದಿಂದ ಭಾಗಿಸಿದರೆ ಸರಾಸರಿ ವೇಗ ಬರುತ್ತದೆ. ಅದನ್ನು ಅಂತರದಿಂದ ಗುಣಿಸಿ. ಬೀಜಿಂಗ್‌ಗೆ 1500 ÷ 113.28 = 13.24, ಅಂದರೆ ಸೆಕೆಂಡಿಗೆ 13.24 ಮೀಟರ್. ಅದನ್ನು 0.44ರಿಂದ ಗುಣಿಸಿದರೆ 5.8 ಮೀಟರ್.

ಐದೂ ಕೂಟಗಳಿಗೆ ಹೀಗೆ ಮಾಡಿದರೆ ಬರುವ ಸಾಲು: ಟ್ಯೂರಿನ್ 21 ಮೀಟರ್ ಹಿಂದೆ, ವ್ಯಾಂಕೂವರ್ 3.2 ಮುಂದೆ, ಸೋಚಿ 7.6 ಹಿಂದೆ, ಪ್ಯೊಂಗ್‌ಚಾಂಗ್ 2.6 ಮುಂದೆ, ಬೀಜಿಂಗ್ 5.8 ಮುಂದೆ. 1986ರ ಏಪ್ರಿಲ್ 1ರಂದು ಹುಟ್ಟಿದ ವುಸ್ಟ್‌ಗೆ ಬೀಜಿಂಗ್ ಹೊತ್ತಿಗೆ 35 ವರ್ಷ. ಒಲಿಂಪಿಕ್ಸ್‌ನ 1500 ಮೀಟರಿನಲ್ಲಿ ಅವರ ಅತಿ ದೊಡ್ಡ ಗೆಲುವು ಬಂದದ್ದು ಆ ವಯಸ್ಸಿನಲ್ಲಿ. ಪದಕ ಪಟ್ಟಿಯಲ್ಲಿ ಇದು ಕಾಣುವುದಿಲ್ಲ, ಅಂತರದ ಕಾಲಂನಲ್ಲಿ ಕಾಣುತ್ತದೆ.

ಇದೇ ಲೆಕ್ಕವನ್ನು ಸೋಲುಗಳಿಗೂ ಹಾಕಿ. 2018ರ 3000 ಮೀಟರಿನಲ್ಲಿ ಕಾರ್ಲೈನ್ ಅಖ್ಟರೇಕ್ತೆ 3:59.21ರಲ್ಲಿ ಗೆದ್ದರು, ವುಸ್ಟ್ 3:59.29. ಏಳೂವರೆ ಸುತ್ತು ಓಡಿದ ಮೇಲೆ ಅಂತರ 0.08 ಸೆಕೆಂಡ್, ಅಂದರೆ ಒಂದೇ ಒಂದು ಮೀಟರ್. ಅಖ್ಟರೇಕ್ತೆ ಮುಂಚಿನ ಜೋಡಿಗಳಲ್ಲೇ ಓಡಿ ಮುಗಿಸಿ, ಉಳಿದವರು ತಮ್ಮ ಸಮಯ ಮುಟ್ಟುತ್ತಾರೋ ಇಲ್ಲವೋ ಎಂದು ಕಾದು ಕುಳಿತಿದ್ದರು. ಹೊಸದಾಗಿ ನೋಡುವವರು ಇಲ್ಲಿ ಎಡವುತ್ತಾರೆ. ಹೆಸರುವಾಸಿಗಳು ಕೊನೆಯ ಜೋಡಿಗಳಲ್ಲಿ ಬರುತ್ತಾರೆಂದು ಮೊದಲರ್ಧ ಬಿಟ್ಟು ನೋಡಿದರೆ ಚಿನ್ನದ ಓಟವೇ ತಪ್ಪಿ ಹೋಗಬಹುದು.

ಹಂತ 3: ರಿಂಕ್ ಎಲ್ಲಿದೆ ನೋಡಿ

ಸ್ಕೇಟರ್ ಎದುರಿಸುವ ತಡೆಯಲ್ಲಿ ಬಹುಪಾಲು ಗಾಳಿಯದು. ಮಂಜಿನ ಘರ್ಷಣೆಯ ಪಾಲು ಚಿಕ್ಕದು. ಸಮುದ್ರಮಟ್ಟದಿಂದ ಮೇಲಕ್ಕೆ ಹೋದಷ್ಟೂ ಗಾಳಿ ತೆಳುವಾಗುತ್ತದೆ, ಸಮಯ ಇಳಿಯುತ್ತದೆ. ಅಮೆರಿಕದ ಸಾಲ್ಟ್ ಲೇಕ್ ಸಿಟಿಯ ಯೂಟಾ ಒಲಿಂಪಿಕ್ ಓವಲ್ ಸುಮಾರು 1,425 ಮೀಟರ್ ಎತ್ತರದಲ್ಲಿದೆ, ಕೆನಡಾದ ಕ್ಯಾಲ್ಗರಿಯ ಓವಲ್ ಸಾವಿರ ಮೀಟರಿಗಿಂತ ಸ್ವಲ್ಪ ಮೇಲೆ. ದಾಖಲೆಗಳು ಹೆಚ್ಚಾಗಿ ಇವೆರಡು ಕಡೆಯೇ ಬೀಳುತ್ತವೆ. ನೆದರ್ಲೆಂಡ್ಸ್‌ನ ಹೇರೆನ್‌ವೇನ್ ಊರಿನ ಥಿಯಾಲ್ಫ್ ರಿಂಕ್ ಸಮುದ್ರಮಟ್ಟದಲ್ಲೇ ಇದೆ.

ಎತ್ತರದ ಪರಿಣಾಮ ಎಷ್ಟು ದೊಡ್ಡದೆಂದು ತಿಳಿಯಲು ಒಬ್ಬರೇ ಸ್ಕೇಟರಿನ ಎರಡು ಓಟ ಹೋಲಿಸಿ. ತಕಾಗಿ 2019ರ ಮಾರ್ಚ್‌ನಲ್ಲಿ ಸಾಲ್ಟ್ ಲೇಕ್‌ನಲ್ಲಿ 1500 ಮೀಟರನ್ನು 1:49.83ರಲ್ಲಿ ಮುಗಿಸಿ ವಿಶ್ವದಾಖಲೆ ಮಾಡಿದರು. ಬೀಜಿಂಗ್‌ನಲ್ಲಿ ಬೆಳ್ಳಿ ಗೆದ್ದ ಓಟ 1:53.72. ವ್ಯತ್ಯಾಸ 3.89 ಸೆಕೆಂಡ್. ಇದು ಪೂರ್ತಿ ಎತ್ತರದ್ದೇ ಅಲ್ಲ, ಆ ದಿನದ ಮಂಜು ಮತ್ತು ಮೈಯ ಸ್ಥಿತಿಯೂ ಸೇರಿದೆ. ಆದ್ದರಿಂದ ಇಷ್ಟು ಸೆಕೆಂಡ್ ಕಳೆದರೆ ಸರಿಹೋಯಿತು ಎಂಬ ಸೂತ್ರ ಮಾಡಿಕೊಳ್ಳಬೇಡಿ. ಎತ್ತರದ ರಿಂಕಿನ ಸಮಯಗಳನ್ನು ಬೇರೆ ಪುಟದಲ್ಲೇ ಇಡಿ. ನಮ್ಮ ಪಟ್ಟಿಯ ಐದು ಒಲಿಂಪಿಕ್ ರಿಂಕ್‌ಗಳೂ ತಗ್ಗು ಪ್ರದೇಶದವು, ಹಾಗಾಗಿ ಅವುಗಳ ನಡುವಿನ ಹೋಲಿಕೆ ಒಂದು ಮಟ್ಟಿಗೆ ನ್ಯಾಯವಾದದ್ದು.

ಹಂತ 4: ಲೇನ್ ಗುರುತಿಸಿ

ಟ್ರ್ಯಾಕ್ 400 ಮೀಟರ್, ಎರಡು ಲೇನ್. ಒಳ ಲೇನಿನಲ್ಲಿ ಶುರು ಮಾಡಿದವರ ತೋಳಿಗೆ ಬಿಳಿ ಪಟ್ಟಿ, ಹೊರ ಲೇನಿನವರಿಗೆ ಕೆಂಪು. ಒಳ ಸುತ್ತು ಚಿಕ್ಕದಾದ್ದರಿಂದ ಇಬ್ಬರಿಗೂ ದೂರ ಸಮ ಆಗಲೆಂದು ಪ್ರತಿ ಸುತ್ತಿನಲ್ಲೂ ಹಿಂಬದಿಯ ನೇರ ದಾರಿಯಲ್ಲಿ ಲೇನ್ ಬದಲಿಸುತ್ತಾರೆ. 1500 ಮೀಟರಿನಲ್ಲಿ ಓಟ ಶುರುವಾಗುವುದೇ ಆ ಹಿಂಬದಿ ನೇರದಲ್ಲಿ, ಅಲ್ಲಿ ಮೊದಲ ಸಲ ಬದಲಾವಣೆ ಇಲ್ಲ. ಆಮೇಲೆ ಮೂರು ಬದಲಾವಣೆ, ಒಟ್ಟು ಏಳು ತಿರುವು. ಕಾಗದದ ಮೇಲೆ ಒಮ್ಮೆ ಬರೆದು ನೋಡಿ: ಒಳಗೆ ಶುರು ಮಾಡಿದವರಿಗೆ ಕೊನೆಯ ತಿರುವು ಹೊರ ಲೇನಿನಲ್ಲಿ, ಹೊರಗೆ ಶುರು ಮಾಡಿದವರಿಗೆ ಒಳ ಲೇನಿನಲ್ಲಿ.

ಲೇನ್ ಬದಲಿಸುವಾಗ ಇಬ್ಬರೂ ಒಟ್ಟಿಗೆ ಬಂದರೆ ಹೊರ ಲೇನಿನಿಂದ ಬರುತ್ತಿರುವವರಿಗೆ ದಾರಿ ಬಿಡಬೇಕು. ಡಿಕ್ಕಿಯಾದರೆ ಹೊಣೆ ಒಳಗಿನಿಂದ ಬಂದವರದ್ದು. ದಾರಿ ಬಿಡಲು ಎರಡು ಹೆಜ್ಜೆ ತಡೆದರೂ ವೇಗ ಬಿದ್ದು ಹೋಗುತ್ತದೆ, ದಣಿದ ಕಾಲಿಗೆ ಅದನ್ನು ಮತ್ತೆ ಎತ್ತಲು ಆಗುವುದಿಲ್ಲ. ಇದೇ ಜಾಗದಲ್ಲಿ ಲಾಭವೂ ಉಂಟು. ಎದುರಾಳಿ ಹತ್ತು ಹದಿನೈದು ಮೀಟರ್ ಮುಂದಿದ್ದರೆ ಅವರ ಹಿಂದೆ ಗಾಳಿ ಒಡೆದಿರುತ್ತದೆ, ಹಿಂದಿನವರು ಆ ನೇರ ದಾರಿಯಷ್ಟು ಹೊತ್ತು ಸುಲಭವಾಗಿ ಸಾಗುತ್ತಾರೆ. ಆದ್ದರಿಂದ ಒಂದು ಸಮಯ ಬರೆಯುವಾಗ ಪಕ್ಕದಲ್ಲಿ ಯಾವ ಲೇನ್, ಜೊತೆಗಿದ್ದವರು ಯಾರು ಎಂದೂ ಬರೆಯಿರಿ. ನಿಧಾನದ ಜೊತೆಗಾರ್ತಿ ಸಿಕ್ಕಿದರೆ ಪೂರ್ತಿ ಓಟ ಒಂಟಿಯಾಗಿಯೇ ಓಡಿದ ಹಾಗೆ.

ತಪ್ಪು ಸ್ಟಾರ್ಟಿನ ನಿಯಮವೂ ಗೊತ್ತಿರಲಿ. ಜೋಡಿಯಲ್ಲಿ ಒಬ್ಬರು ಒಮ್ಮೆ ತಪ್ಪಿದರೆ ಇಬ್ಬರನ್ನೂ ವಾಪಸ್ ಕರೆಯುತ್ತಾರೆ. ಎರಡನೇ ಸಲ ಯಾರು ತಪ್ಪಿದರೂ ಅವರು ಹೊರಗೆ, ಮೊದಲ ತಪ್ಪು ಎದುರಾಳಿಯದ್ದೇ ಆಗಿದ್ದರೂ ಸರಿ.

ಹಂತ 5: ಸುತ್ತುಗಳನ್ನು ಬಿಡಿಸಿ ಓದಿ

ಇಲ್ಲಿ ಆತುರ ಬೇಡ, ಇಡೀ ಅಭ್ಯಾಸದ ತಿರುಳು ಇದು. 1500 ಮೀಟರಿನ ಸಮಯ ನಾಲ್ಕು ತುಂಡಾಗಿ ಸಿಗುತ್ತದೆ: 300 ಮೀಟರಿನ ಆರಂಭ, ಆಮೇಲೆ 700, 1100, 1500ರಲ್ಲಿ ಮುಗಿಯುವ ಮೂರು ಪೂರ್ಣ ಸುತ್ತು. ಟಿವಿ ಪರದೆ ಹೆಚ್ಚಾಗಿ ಒಟ್ಟು ಸಮಯ ತೋರಿಸುತ್ತದೆ. ನೀವು ಕಳೆದು ಪ್ರತಿ ಸುತ್ತಿನ ಸಮಯ ತೆಗೆಯಬೇಕು.

ಅಭ್ಯಾಸಕ್ಕೆಂದು ಎರಡು ಕಾಲ್ಪನಿಕ ಓಟ ಇಟ್ಟುಕೊಳ್ಳೋಣ. ಇವು ಯಾರ ಓಟವೂ ಅಲ್ಲ, ಲೆಕ್ಕಕ್ಕಾಗಿ ಬರೆದ ಅಂಕಿಗಳು.

- ಮೊದಲನೆಯದು: 25.4, 28.2, 29.8, 31.6
- ಎರಡನೆಯದು: 26.1, 28.9, 29.7, 30.3

ಎರಡನ್ನೂ ಕೂಡಿಸಿ. ಎರಡೂ 1:55.0. ಆದರೆ 700 ಮೀಟರಿನಲ್ಲಿ ಮೊದಲನೆಯವರು 1.4 ಸೆಕೆಂಡ್ ಮುಂದೆ, 1100ರಲ್ಲಿ ಇನ್ನೂ 1.3 ಮುಂದೆ, ಕೊನೆಯ ಸುತ್ತಿನಲ್ಲಿ ಅಷ್ಟೂ ಹೋಯಿತು. ಈಗ ಸುತ್ತಿನಿಂದ ಸುತ್ತಿಗೆ ಎಷ್ಟು ಸೆಕೆಂಡ್ ನಿಧಾನವಾದರು ನೋಡಿ. ಮೊದಲನೆಯವರು 1.6, ನಂತರ 1.8. ಎರಡನೆಯವರು 0.8, ನಂತರ 0.6. ಈ ಇಳಿತವೇ ಸ್ಕೇಟರಿನ ಜಾತಕ. ಮೊದಲನೆಯವರು ಸ್ಪ್ರಿಂಟರ್, 500 ಮತ್ತು 1000 ಮೀಟರಿನಿಂದ ಬಂದವರು. ಎರಡನೆಯವರು 3000 ಮೀಟರಿನ ಕಡೆಯವರು.

1500 ಮೀಟರ್ ಕಠಿಣ ಎನಿಸಿಕೊಳ್ಳುವುದು ಇದಕ್ಕೇ. ಎರಡೂ ಕಡೆಯವರು ಇಲ್ಲಿಗೆ ಬಂದು ಡಿಕ್ಕಿ ಹೊಡೆಯುತ್ತಾರೆ. ಸ್ಪ್ರಿಂಟ್ ಮಾಡಿದರೆ ಕಾಲು ಕೊನೆಯ ಸುತ್ತಿಗೆ ಉಳಿಯುವುದಿಲ್ಲ, ಉಳಿಸಿಕೊಂಡು ಓಡಿದರೆ ಮೊದಲ 700 ಮೀಟರಿನಲ್ಲಿ ಕಳೆದದ್ದು ಮತ್ತೆ ಸಿಗುವುದಿಲ್ಲ. ಮಂಡಿ ಮಡಚಿ ಕೆಳಗೆ ಕುಳಿತ ಭಂಗಿಯಲ್ಲಿ ತೊಡೆಯ ಸ್ನಾಯು ಬಿಗಿದೇ ಇರುತ್ತದೆ, ರಕ್ತ ಸಲೀಸಾಗಿ ಹರಿಯುವುದಿಲ್ಲ, ಉರಿ ಬೇಗ ಏರುತ್ತದೆ. ಸುಮಾರು ಎರಡು ನಿಮಿಷ ಆ ಉರಿಯಲ್ಲೇ ತಾಂತ್ರಿಕವಾಗಿ ಸರಿಯಾಗಿ ಓಡಬೇಕು.

ವಿಡಿಯೊ ನೋಡುವಾಗ ಕೊನೆಯ ಸುತ್ತಿನಲ್ಲಿ ಈ ಮೂರನ್ನು ಗಮನಿಸಿ. ಒಂದು, ಸೊಂಟ ಮೇಲೇರಿತೇ? ಏರಿದರೆ ಎದೆಗೆ ಗಾಳಿ ಹೆಚ್ಚು ಬಡಿಯುತ್ತದೆ, ಒದೆತದ ಉದ್ದವೂ ಕಡಿಮೆಯಾಗುತ್ತದೆ. ಎರಡು, ತಿರುವಿನಿಂದ ಹೊರಬರುವಾಗ ಲೇನಿನ ಹೊರ ಅಂಚಿಗೆ ತೇಲುತ್ತಿದ್ದಾರೆಯೇ? ಎಡಗಾಲಿನ ಹೊರ ಅಂಚಿನ ಮೇಲೆ ಭಾರ ಹಾಕಿ ತಳ್ಳುವ ಶಕ್ತಿ ಮುಗಿದಿದೆ ಎಂದರ್ಥ. ಮೂರು, ಬಲಗಾಲನ್ನು ಎಡಗಾಲಿನ ಮೇಲೆ ದಾಟಿಸುವ ಲಯ ತಪ್ಪುತ್ತಿದೆಯೇ? ಈ ಮೂರೂ ಕಂಡರೆ ಗಡಿಯಾರ ನೋಡದೆಯೇ ಕೊನೆಯ ಸುತ್ತು ಕೆಟ್ಟಿತೆಂದು ಹೇಳಬಹುದು.

ಪರದೆಯ ಮೇಲೆ ಹಸಿರು, ಕೆಂಪು ಅಂಕಿ ಬರುತ್ತವಲ್ಲ, ಅವು ಆಗ ಮೊದಲ ಸ್ಥಾನದಲ್ಲಿರುವವರು ಅದೇ ಗುರುತಿನಲ್ಲಿ ತೆಗೆದುಕೊಂಡ ಸಮಯದ ಜೊತೆಗಿನ ಹೋಲಿಕೆ: ಹಸಿರಾದರೆ ಮುಂದೆ, ಕೆಂಪಾದರೆ ಹಿಂದೆ. ಮೊದಲ ಸ್ಥಾನದವರು ಸ್ಪ್ರಿಂಟರ್ ಆಗಿದ್ದರೆ 700 ಮೀಟರಿನಲ್ಲಿ ಒಂದು ಸೆಕೆಂಡ್ ಕೆಂಪು ಕಂಡರೂ ಗಾಬರಿಯಿಲ್ಲ. ಅವರು ನಿಧಾನವಾಗಿ ಶುರು ಮಾಡುವವರಾಗಿದ್ದರೆ ಅರ್ಧ ಸೆಕೆಂಡ್ ಹಸಿರೂ ಸಾಲದೇ ಹೋಗಬಹುದು. ಮೊದಲ ಸ್ಥಾನದವರ ಸುತ್ತುಗಳನ್ನು ಮೊದಲೇ ಬರೆದಿಟ್ಟುಕೊಂಡರೆ ಈ ಬಣ್ಣಗಳು ಮೋಸ ಮಾಡುವುದಿಲ್ಲ.

ಹಂತ 6: ಎಲ್ಲಾ ದೂರಗಳನ್ನೂ 500 ಮೀಟರಿಗೆ ಇಳಿಸಿ

ಆಲ್‌ರೌಂಡ್ ಚಾಂಪಿಯನ್‌ಶಿಪ್‌ನಲ್ಲಿ ಮಹಿಳೆಯರು ನಾಲ್ಕು ದೂರ ಓಡುತ್ತಾರೆ: 500, 3000, 1500, 5000. ಪ್ರತಿಯೊಂದರ ಸಮಯವನ್ನು 500 ಮೀಟರಿನ ಸರಾಸರಿಗೆ ಇಳಿಸಿ ಕೂಡಿಸುತ್ತಾರೆ, ಒಟ್ಟು ಕಡಿಮೆ ಇದ್ದವರು ಗೆಲ್ಲುತ್ತಾರೆ. 1500ರ ಸಮಯವನ್ನು 3ರಿಂದ, 3000ದ್ದನ್ನು 6ರಿಂದ, 5000ದ್ದನ್ನು 10ರಿಂದ ಭಾಗಿಸಿ. ಮೂರು ದಶಮಾಂಶ ಸ್ಥಾನ ಇಟ್ಟುಕೊಂಡು ಮುಂದಿನದನ್ನು ಬಿಟ್ಟುಬಿಡಬೇಕು, ಮೇಲಕ್ಕೆ ಏರಿಸಬಾರದು. ಕ್ಯಾಲ್ಕುಲೇಟರ್ ತಾನಾಗಿ ಏರಿಸಿದರೆ ಕೊನೆಯ ಅಂಕಿ ತಪ್ಪುತ್ತದೆ.

ವುಸ್ಟ್ ಅವರ ಸೋಚಿ ಓಟಗಳು ಈ ಲೆಕ್ಕಕ್ಕೆ ಹೇಳಿ ಮಾಡಿಸಿದಂತಿವೆ, ಒಂದೇ ರಿಂಕಿನಲ್ಲಿ ಒಂದೇ ಕೂಟದಲ್ಲಿ ನಾಲ್ಕು ದೂರ:

- 1000 ಮೀ. 74.69 ÷ 2 = 37.345
- 1500 ಮೀ. 114.09 ÷ 3 = 38.030
- 3000 ಮೀ. 240.34 ÷ 6 = 40.056
- 5000 ಮೀ. 414.28 ÷ 10 = 41.428

ದೂರ ಐದು ಪಟ್ಟಾದಾಗ 500 ಮೀಟರಿನ ಸರಾಸರಿ ಸಮಯ ಹೆಚ್ಚಿದ್ದು 4.083 ಸೆಕೆಂಡ್ ಮಾತ್ರ. ಈಗ ಅದೇ ಕೂಟದಲ್ಲಿ 5000 ಮೀಟರ್ ಗೆದ್ದ ಚೆಕ್ ದೇಶದ ಮಾರ್ಟಿನಾ ಸಾಬ್ಲಿಕೋವಾ ಅವರನ್ನು ಪಕ್ಕದಲ್ಲಿಡಿ. ಅವರ 3000 ಮೀ. 4:01.95, ಅಂದರೆ 40.325. 5000 ಮೀ. 6:51.54, ಅಂದರೆ 41.154. 3000ದಿಂದ 5000ಕ್ಕೆ ಹೋಗುವಾಗ ಸಾಬ್ಲಿಕೋವಾ 0.829 ಕಳೆದುಕೊಂಡರೆ ವುಸ್ಟ್ 1.372 ಕಳೆದುಕೊಂಡರು. ಒಬ್ಬರು ಹುಟ್ಟಾ ದೂರದ ಓಟಗಾರ್ತಿ, ಇನ್ನೊಬ್ಬರು ನಡುವಿನ ದೂರದಲ್ಲಿ ಬೇರು ಬಿಟ್ಟು ಎರಡೂ ಕಡೆ ಕೈ ಚಾಚಿದವರು. ಸಾವಿರ ಮೀಟರಿನಲ್ಲೂ ಐದು ಸಾವಿರದಲ್ಲೂ ಒಂದೇ ಒಲಿಂಪಿಕ್ಸ್‌ನಲ್ಲಿ ಬೆಳ್ಳಿ ತರುವುದೆಂದರೆ ಏನೆಂದು ಈ ನಾಲ್ಕು ಸಾಲು ಹೇಳುತ್ತವೆ. ವುಸ್ಟ್ ಅವರ ಸಾಧನೆಗಳಲ್ಲಿ ಎಲ್ಲಕ್ಕಿಂತ ಮೇಲೆ ಇಡಬೇಕಾದದ್ದು ಸೋಚಿಯ ಈ ಐದು ಪದಕ ಎಂಬುದು ನಮ್ಮ ಅಭಿಪ್ರಾಯ.

ಇಂಥವರಿಗೆ ಆಲ್‌ರೌಂಡ್ ಒಲಿದೇ ಒಲಿಯುತ್ತದೆ. ವುಸ್ಟ್ ಏಳು ಸಲ ವಿಶ್ವ ಆಲ್‌ರೌಂಡ್ ಚಾಂಪಿಯನ್: 2007, 2011, 2012, 2013, 2014, 2017, 2020. ಈ ಕೂಟಗಳನ್ನು ನೋಡುವಾಗ ಒಂದು ಮಾತು ನೆನಪಿಟ್ಟರೆ ಸಾಕು. 500 ಮೀಟರಿನಲ್ಲಿ ಗಳಿಸಿದ ಒಂದು ಸೆಕೆಂಡ್ 1500ರಲ್ಲಿ ಮೂರು, 3000ದಲ್ಲಿ ಆರು, 5000ದಲ್ಲಿ ಹತ್ತು ಸೆಕೆಂಡಿಗೆ ಸಮ. ಕೊನೆಯ 5000 ಮೀಟರಿಗೆ ಮುಂಚೆ ಒಬ್ಬರು ಈ ಒಟ್ಟು ಮೊತ್ತದಲ್ಲಿ 0.350 ಅಂಕ ಹಿಂದಿದ್ದರೆ ಅವರು ಎದುರಾಳಿಯನ್ನು 3.5 ಸೆಕೆಂಡಿಗಿಂತ ಹೆಚ್ಚು ಅಂತರದಲ್ಲಿ ಸೋಲಿಸಬೇಕು. ಸೆಕೆಂಡಿಗೆ 12 ಮೀಟರ್ ವೇಗದಲ್ಲಿ ಅದು 42 ಮೀಟರ್. ಹನ್ನೆರಡೂವರೆ ಸುತ್ತಿನಲ್ಲಿ ಹಂಚಿದರೆ ಸುತ್ತಿಗೆ 0.28 ಸೆಕೆಂಡ್. ಇಷ್ಟನ್ನು ಓಟಕ್ಕೆ ಮುಂಚೆ ಬರೆದಿಟ್ಟುಕೊಂಡು ನೋಡಿ, 5000 ಮೀಟರ್ ಬೇಸರದ ಓಟ ಎಂಬ ಮಾತು ಮತ್ತೆ ಬಾಯಿಗೆ ಬರುವುದಿಲ್ಲ.

ಟೀಮ್ ಪರ್ಸ್ಯೂಟ್‌ಗೆ ಈ ಲೆಕ್ಕ ಬೇಡ. ಮಹಿಳೆಯರಿಗೆ ಆರು ಸುತ್ತು, 2400 ಮೀಟರ್. ಮೂವರು ಒಬ್ಬರ ಹಿಂದೊಬ್ಬರು ಓಡುತ್ತಾರೆ, ಮೂರನೆಯವರು ಗೆರೆ ದಾಟಿದಾಗಲೇ ಗಡಿಯಾರ ನಿಲ್ಲುತ್ತದೆ. ಆದ್ದರಿಂದ ಕಣ್ಣು ಹಿಂದಿನವರ ಮೇಲಿರಲಿ. ಎರಡನೆಯವರಿಗೂ ಮೂರನೆಯವರಿಗೂ ನಡುವೆ ಸಂದು ಬಿಟ್ಟರೆ ತಂಡ ಸೋತ ಹಾಗೆ.

ಹಂತ 7: ಬ್ಲೇಡನ್ನು ಹತ್ತಿರದಿಂದ ನೋಡಿ

ಕಾಲು ಜಾರಿದ್ದನ್ನು ದಣಿವು ಎಂದುಕೊಳ್ಳುವುದು ಸಾಮಾನ್ಯ. ಎಷ್ಟೋ ಸಲ ಅದು ಬ್ಲೇಡಿನ ತಪ್ಪು. ಈ ಬ್ಲೇಡ್ ಈಳಿಗೆಮಣೆಯ ಅಲಗಿನ ಹಾಗೆ ಒಂದೇ ಮೊನೆಗೆ ಇಳಿಯುವುದಿಲ್ಲ. ಅಗಲ ಸುಮಾರು 1.1 ಮಿಲಿಮೀಟರ್, ತಳ ಚಪ್ಪಟೆ, ಎರಡು ಬದಿಗೆ ಎರಡು ಚೂಪಾದ ಲಂಬಕೋನದ ಅಂಚು. ಉದ್ದ 38ರಿಂದ 45 ಸೆಂಟಿಮೀಟರ್. ನೋಡಲು ನೇರ ಕಂಡರೂ ಉದ್ದಕ್ಕೆ ತುಸು ಬಾಗು ಇರುತ್ತದೆ. ಆ ಬಾಗಿನ ತ್ರಿಜ್ಯ ಹೆಚ್ಚಾಗಿ 21ರಿಂದ 25 ಮೀಟರ್.

ಬೂಟಿಗೂ ಬ್ಲೇಡಿಗೂ ನಡುವೆ ಮುಂಪಾದದ ಕೆಳಗೆ ಒಂದು ತಿರುಗಣಿ ಇದೆ. ಒದ್ದಾಗ ಹಿಮ್ಮಡಿ ಮೇಲೇಳುತ್ತದೆ, ಬ್ಲೇಡ್ ಮಂಜಿನ ಮೇಲೇ ಉಳಿದು ಮೀನಖಂಡದ ಸ್ನಾಯುವಿನ ಬಲವೂ ಒದೆತಕ್ಕೆ ಸೇರುತ್ತದೆ, ಆಮೇಲೆ ಸ್ಪ್ರಿಂಗ್ ಬ್ಲೇಡನ್ನು ಚಪ್ಪಾಳೆಯ ಸದ್ದಿನೊಂದಿಗೆ ವಾಪಸ್ ಎಳೆಯುತ್ತದೆ. ಆಮ್‌ಸ್ಟರ್‌ಡ್ಯಾಮ್‌ನ ಫ್ರೈಯೆ ವಿಶ್ವವಿದ್ಯಾಲಯದಲ್ಲಿ ಗೆರಿಟ್ ಯಾನ್ ಫಾನ್ ಇಂಗೆನ್ ಸ್ಕೆನೌ ಅವರ ಕೆಲಸದಿಂದ ಬೆಳೆದ ಈ ಕ್ಲ್ಯಾಪ್ ಸ್ಕೇಟನ್ನು 1996–97ರ ಋತುವಿನಲ್ಲಿ ಡಚ್ ಮಹಿಳೆಯರು ತೊಟ್ಟರು. ಆ ಋತುವಿನಲ್ಲಿ ತೋನಿ ಡಿ ಯೋಂಗ್ ಜರ್ಮನಿಯ ಗುಂಡಾ ನೀಮನ್ ಅವರನ್ನು ಹಿಂದಿಕ್ಕಿ ಯುರೋಪ್ ಚಾಂಪಿಯನ್ ಆದರು. ಮುಂದಿನ ವರ್ಷ ನಗಾನೊ ಒಲಿಂಪಿಕ್ಸ್ ಹೊತ್ತಿಗೆ ಎಲ್ಲರ ಕಾಲಲ್ಲೂ ಅದೇ. ವುಸ್ಟ್‌ಗೆ ಆಗ ಹನ್ನೊಂದು ವರ್ಷ.

ನೀವೇ ಸ್ಪೀಡ್ ಸ್ಕೇಟ್ ಕೊಂಡಿದ್ದರೆ ಸಾಣೆ ಹಿಡಿಯುವ ಕ್ರಮ ಹೀಗಿದೆ. ಎರಡೂ ಸ್ಕೇಟನ್ನು ತಲೆಕೆಳಗಾಗಿ ಜಿಗ್‌ಗೆ, ಅಂದರೆ ಅವನ್ನು ಅಲುಗದಂತೆ ಹಿಡಿಯುವ ಚೌಕಟ್ಟಿಗೆ, ಬಿಗಿಯಿರಿ. ಎರಡು ಬ್ಲೇಡ್ ಒಂದೇ ಎತ್ತರದಲ್ಲಿ, ಒಂದಕ್ಕೊಂದು ಸಮಾನಾಂತರವಾಗಿ ಇರಬೇಕು. ತಳದ ಮೇಲೆ ಮಾರ್ಕರ್ ಪೆನ್ನಿನಿಂದ ಉದ್ದಕ್ಕೂ ಬಣ್ಣ ಹಚ್ಚಿ. ದೊಡ್ಡ ಸಾಣೆಕಲ್ಲಿನ ಒರಟು ಮುಖಕ್ಕೆ ಎಣ್ಣೆ ಹಾಕಿ, ಎರಡೂ ಬ್ಲೇಡಿನ ಮೇಲೆ ಅಡ್ಡಲಾಗಿ ಇಟ್ಟು, ತುದಿಯಿಂದ ತುದಿಗೆ ಬಾಗನ್ನು ಅನುಸರಿಸುತ್ತಾ ಸಮ ಒತ್ತಡದಲ್ಲಿ ಎಳೆಯಿರಿ. ಬಣ್ಣ ಪೂರ್ತಿ ಹೋಗುವವರೆಗೆ ಉಜ್ಜಿ. ಎಲ್ಲಿ ಬಣ್ಣ ಉಳಿದಿದೆಯೋ ಅಲ್ಲಿ ಅಂಚು ಇನ್ನೂ ಮೊಂಡು. ಆಮೇಲೆ ನಯವಾದ ಮುಖದಿಂದ ಒತ್ತದೆ ಇಪ್ಪತ್ತು ಸಲ.

ಇಷ್ಟಾದಾಗ ಅಂಚಿನ ಬದಿಗೆ ಉಕ್ಕಿನ ತೆಳು ಸಿಬಿರು ಮಡಚಿಕೊಂಡಿರುತ್ತದೆ, ವರ್ಕ್‌ಶಾಪಿನವರು ಬರ್ ಅನ್ನುತ್ತಾರಲ್ಲ ಅದು. ಉಗುರನ್ನು ಬದಿಯಿಂದ ಮೇಲಕ್ಕೆ ಎಳೆದರೆ ತೊಡರುತ್ತದೆ. ಚಿಕ್ಕ ನಯ ಕಲ್ಲನ್ನು ಬ್ಲೇಡಿನ ಬದಿಗೆ ಪೂರ್ತಿ ಚಪ್ಪಟೆಯಾಗಿ ಇಟ್ಟು ಹಗುರವಾಗಿ ಉದ್ದಕ್ಕೆ ಎಳೆದು ತೆಗೆಯಿರಿ. ಕಲ್ಲು ಓರೆಯಾದರೆ ಅಂಚೇ ದುಂಡಾಗಿ ಇಷ್ಟು ಹೊತ್ತಿನ ಕೆಲಸ ನೀರುಪಾಲು. ಸಿಬಿರು ಬಿಟ್ಟರೆ ಬ್ಲೇಡ್ ಮಂಜನ್ನು ಕಚ್ಚಿ ಎಳೆಯುತ್ತದೆ, ಮೊದಲ ತಿರುವಿನಲ್ಲೇ ಅದು ಮುರಿದು ಅಂಚು ಹರಕಾಗುತ್ತದೆ. ಕೊನೆಗೆ ಉಗುರಿನ ಮೇಲೆ ಅಂಚನ್ನು ಅಡ್ಡ ಎಳೆದು ನೋಡಿ. ಬಿಳಿ ಪುಡಿ ಎದ್ದರೆ ಚೂಪಾಗಿದೆ.

ಹೆಚ್ಚು ಜನ ಮಾಡುವ ತಪ್ಪು ಎರಡು. ತುದಿಗಳಲ್ಲಿ ಜೋರಾಗಿ ಒತ್ತುವುದು ಒಂದು. ಕೆಲವು ತಿಂಗಳಲ್ಲಿ ಬಾಗು ಕೆಟ್ಟು ಸ್ಕೇಟ್ ತಿರುವಿನಲ್ಲಿ ಹೇಳಿದ ಮಾತು ಕೇಳುವುದಿಲ್ಲ. ನಡುವೆ ಸವೆದ ಕಲ್ಲನ್ನೇ ಬಳಸುವುದು ಇನ್ನೊಂದು, ಆಗ ತಳ ಚಪ್ಪಟೆಯಾಗಿ ಉಳಿಯುವುದಿಲ್ಲ. ಸ್ಕೇಟಿಂಗ್ ಮುಗಿದ ಮೇಲೆ ಒರೆಸಿ ಬಟ್ಟೆಯ ಕವರ್ ಹಾಕಿ. ಗಟ್ಟಿ ಪ್ಲಾಸ್ಟಿಕ್ ಗಾರ್ಡಿನಲ್ಲಿ ಒದ್ದೆ ಬ್ಲೇಡ್ ಇಟ್ಟರೆ ರಾತ್ರಿ ಕಳೆಯುವುದರೊಳಗೆ ತುಕ್ಕು.

ಎಲ್ಲಿ ನೋಡುವುದು, ಎಲ್ಲಿ ಕಾಲಿಡುವುದು

ಅಂತರರಾಷ್ಟ್ರೀಯ ಸ್ಕೇಟಿಂಗ್ ಒಕ್ಕೂಟ ತನ್ನ ಫಲಿತಾಂಶಗಳನ್ನು ಸುತ್ತುಗಳ ಸಮಯದೊಂದಿಗೆ ಪ್ರಕಟಿಸುತ್ತದೆ. ಒಟ್ಟು ಸಮಯವಷ್ಟೇ ಇರುವ ಸುದ್ದಿ ನಂಬಿಕೊಂಡು ಲೆಕ್ಕ ಹಾಕಲು ಕೂರಬೇಡಿ. ಚಳಿಗಾಲದಲ್ಲಿ ನೆದರ್ಲೆಂಡ್ಸ್ ಸಮಯ ನಮಗಿಂತ ನಾಲ್ಕೂವರೆ ಗಂಟೆ ಹಿಂದೆ, ಅಲ್ಲಿನ ಮಧ್ಯಾಹ್ನ 2ರ ಓಟ ಇಲ್ಲಿ ಸಂಜೆ 6:30ಕ್ಕೆ. ಒಲಿಂಪಿಕ್ ವರ್ಷಕ್ಕೆ ಮುಂಚಿನ ಡಿಸೆಂಬರ್‌ನಲ್ಲಿ ಥಿಯಾಲ್ಫ್‌ನಲ್ಲಿ ನಡೆಯುವ ಡಚ್ ಆಯ್ಕೆ ಓಟಗಳನ್ನೂ ನೋಡಿ. ವಿಶ್ವಮಟ್ಟದ ಸ್ಕೇಟರ್‌ಗಳೂ ಅಲ್ಲೇ ಆಯ್ಕೆ ತಪ್ಪಿ ಹೊರಗುಳಿಯುತ್ತಾರೆ. ವುಸ್ಟ್ ಐದು ಸಲ ಆ ಜರಡಿಯಿಂದ ದಾಟಿ ಬಂದವರು.

ಕರ್ನಾಟಕದಲ್ಲಿ ಮಂಜಿನ 400 ಮೀಟರ್ ಟ್ರ್ಯಾಕ್ ಇಲ್ಲ. ಮಕ್ಕಳು ಇನ್‌ಲೈನ್ ಸ್ಕೇಟಿಂಗ್ ಮಾಡುತ್ತಿದ್ದರೆ ಅದು ವ್ಯರ್ಥ ಎಂದುಕೊಳ್ಳಬೇಡಿ. ಬೀಜಿಂಗ್‌ನಲ್ಲಿ 500 ಮೀಟರ್ ಗೆದ್ದ ಅಮೆರಿಕದ ಎರಿನ್ ಜಾಕ್ಸನ್ ಇನ್‌ಲೈನ್‌ನಿಂದ ಬಂದವರು, ಅದೇ ಕೂಟದ 3000 ಮೀಟರಿನಲ್ಲಿ ಬೆಳ್ಳಿ ಗೆದ್ದ ಇಟಲಿಯ ಫ್ರಾನ್ಸೆಸ್ಕಾ ಲೊಲ್ಲೊಬ್ರಿಜಿಡಾ ಕೂಡ. ಭಂಗಿ, ತಿರುವು ದಾಟುವ ಹೆಜ್ಜೆ, ಗುಂಪಿನ ಹಿಂದೆ ಗಾಳಿ ಉಳಿಸುವ ಜಾಣ್ಮೆ ಹಾಗೆಯೇ ಜೊತೆಗೆ ಬರುತ್ತವೆ. ಹೊಸದಾಗಿ ಕಲಿಯಬೇಕಾದದ್ದು ಅಂಚಿನ ಮೇಲೆ ನಂಬಿಕೆಯಿಟ್ಟು ಭಾರ ಹಾಕುವುದು.

ಕೆಲಸಕ್ಕೆಂದು ನೆದರ್ಲೆಂಡ್ಸ್‌ನ ಐಂಡ್‌ಹೋವನ್ ಸುತ್ತಮುತ್ತ ನೆಲೆಸಿರುವ ಕನ್ನಡಿಗರಿಗೆ ಮಾತ್ರ ನೆಪವಿಲ್ಲ. ಐಂಡ್‌ಹೋವನ್‌ನಲ್ಲೇ 400 ಮೀಟರ್ ಟ್ರ್ಯಾಕ್ ಇದೆ. ವುಸ್ಟ್ ಅವರ ಹುಟ್ಟೂರು ಗೋಯಿರ್ಲೆ ಪಕ್ಕದ ಟಿಲ್‌ಬರ್ಗ್‌ನಲ್ಲಿ ಅವರದೇ ಹೆಸರಿನ ರಿಂಕ್ ಇದೆ. ಮೊದಲ ದಿನ ಬಾಡಿಗೆ ಸ್ಕೇಟ್ ಸಾಕು, ಕ್ಲ್ಯಾಪ್ ಸ್ಕೇಟ್ ಆಮೇಲೆ. ಗಟ್ಟಿ ಕೈಗವಸು ಹಾಕಿಕೊಳ್ಳಿ: ಬಿದ್ದಾಗ ಕೈ ಊರುವುದು ಮಂಜಿನ ಮೇಲೆ, ಹಿಂದಿನಿಂದ ಬರುವುದು 1.1 ಮಿಲಿಮೀಟರಿನ ಉಕ್ಕು.